ಹಳೇ ಜೀಪಿನ ಟೈಮಿಂಗ್ ಗೇರ್: ಗೇರ್ ಬದಲಿಸುವ ಮೊದಲು ಎಣ್ಣೆಯ ಕಿಂಡಿ ನೋಡಿ

ನಮ್ಮ ತೋಟದ ಜೀಪು ಚಾರ್ಮಾಡಿ ಘಾಟಿಯ ನಡುವೆ ನಿಂತುಹೋಯಿತು. ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಬರುತ್ತಿದ್ದೆ. ಹಿಂದೆ ನಾಲ್ಕು ಚೀಲ ಗೊಬ್ಬರ ಇತ್ತು. ಎರಡನೇ ಗೇರಿನಲ್ಲಿ ಒಂದೇ ಹದದಲ್ಲಿ ಏರುತ್ತಿತ್ತು. ಹೊಗೆ ಇಲ್ಲ, ಮಿಸ್ಸಿಂಗ್ ಇಲ್ಲ, ಒಂದು ಕೆಮ್ಮೂ ಇಲ್ಲ. ಯಾರೋ ಕೀ ತೆಗೆದ ಹಾಗೆ ಎಂಜಿನ್ ಬಂದ್ ಆಯಿತು.

ಚಕ್ರಕ್ಕೆ ಕಲ್ಲು ಕೊಟ್ಟು ಸೆಲ್ಫ್ ಹೊಡೆದೆ. ಎಂಜಿನ್ ತಿರುಗಿತು. ಆದರೆ ಆ ತಾಳವೇ ಬೇರೆ. ದಿನಾ ಕೇಳುವ ಸದ್ದಲ್ಲ ಅದು. ಒಂದು ಕ್ಷಣ ಹಗುರ, ಒಂದು ಕ್ಷಣ ಬಿಗಿ, ಅಡ್ಡಾದಿಡ್ಡಿ. ಪೆಟ್ರೋಲ್ ನೋಡಿದೆ, ಪ್ಲಗ್ ನೋಡಿದೆ. ಕರೆಂಟ್ ಬರುತ್ತಿರಲಿಲ್ಲ. ಕಾಯಿಲ್ ಸುಟ್ಟಿರಬೇಕು ಅಂದುಕೊಂಡು ಲಾರಿಗೆ ಕಟ್ಟಿ ಎಳೆಸಿದೆ. ಅದು 2004ರ ಜನವರಿ. ತೋಟದಲ್ಲಿ ಕೊಯ್ಲು ನಡೆಯುತ್ತಿತ್ತು. ಜೀಪಿಲ್ಲದೆ ಒಂದು ದಿನವೂ ಸಾಗದ ಹೊತ್ತು.

ಹೆದ್ದಾರಿ ಪಕ್ಕದ ಒಂದು ಗ್ಯಾರೇಜಿನಲ್ಲಿ ಬಿಚ್ಚಿದಾಗ ಗೊತ್ತಾಯಿತು: ಕ್ಯಾಮ್‌ಶಾಫ್ಟಿನ ಫೈಬರ್ ಗೇರಿನ ಹಲ್ಲು ಒಂದು ಕಡೆ ಪೂರ್ತಿ ಉದುರಿತ್ತು. ವಾಲ್ವುಗಳನ್ನು ತೆರೆದು ಮುಚ್ಚಿಸುವ ದಂಡ ಅದು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡಕ್ಕೆ ಅದನ್ನು ಜೋಡಿಸುವ ಗೇರುಗಳೇ ಟೈಮಿಂಗ್ ಗೇರ್. ಹೊಸ ಗೇರ್ ಹಾಕಿ ಮರುದಿನವೇ ಕೊಟ್ಟರು. ಎಂಟು ತಿಂಗಳಿಗೆ ಆ ಹೊಸ ಗೇರೂ ಹೋಯಿತು. ಈ ಸಲ ತೋಟದೊಳಗೇ, ಗೋದಾಮಿನ ಮುಂದೆ.

ಆಗ ಮೂಡಿಗೆರೆಯಿಂದ ನಮ್ಮ ಅಪ್ಪಯ್ಯನ ಕಾಲದ ಮೆಕ್ಯಾನಿಕ್ ಸಾಬ್ರನ್ನು ಕರೆಸಿದೆ. ಅವರು ಮುರಿದ ಗೇರನ್ನು ಕೈಯಲ್ಲಿ ತಿರುಗಿಸಿ ನೋಡಿ ಕೇಳಿದರು: ‘ಗೌಡ್ರೇ, ಗೇರ್ ಹಾಕಿದ್ರು ಸರಿ. ಹಲ್ಲು ಯಾಕೆ ಉದುರ್ತು ಅಂತ ಯಾರಾದ್ರೂ ನೋಡಿದ್ರಾ?’

ಯಾರೂ ನೋಡಿರಲಿಲ್ಲ. ಆಮೇಲೆ ಸಾಬ್ರ ಜೊತೆ ಕೂತು ನಮ್ಮದು, ನೆಂಟರದ್ದು, ಪಕ್ಕದ ತೋಟದವರದ್ದು ಅಂತ ಐದು ಎಂಜಿನ್ನಿನ ಟೈಮಿಂಗ್ ಗೇರ್ ಬದಲಿಸಿದ್ದೇನೆ. ಸಾಬ್ರು ಈಗಿಲ್ಲ. ಅವರು ಕಲಿಸಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮಲೆನಾಡಿನ ಎಷ್ಟೋ ಶೆಡ್ಡುಗಳಲ್ಲಿ ಇಂಥ ಜೀಪು ಇನ್ನೂ ಇದೆ. ಗೊತ್ತಿಲ್ಲದೆ ಅದನ್ನು ಗುಜರಿಗೆ ಹಾಕುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಯಾವ ಎಂಜಿನ್ನಿನ ಮಾತು ಇದು

ಮಹೀಂದ್ರದವರು 1949ರಿಂದ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಶುರು ಮಾಡಿದರು. ನಮ್ಮ ಕಡೆ ಜಾಸ್ತಿ ಉಳಿದಿರುವುದು ಎತ್ತರದ ಬಾನೆಟ್ಟಿನ ಸಿಜೆ3ಬಿ. ಆ ಬಾನೆಟ್ ಎತ್ತರ ಆಗಿದ್ದೇ ಒಳಗಿನ ಹರಿಕೇನ್ ಎಂಜಿನ್ ಎತ್ತರ ಅನ್ನುವ ಕಾರಣಕ್ಕೆ. ನಾಲ್ಕು ಸಿಲಿಂಡರ್, 2199 ಸಿಸಿ ಪೆಟ್ರೋಲ್. ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಅದಕ್ಕಿಂತ ಹಳೆಯ, ಯುದ್ಧಕಾಲದ ಗೋ ಡೆವಿಲ್ ಎಂಜಿನ್ನಿಗೆ ಎರಡೂ ವಾಲ್ವ್ ಬ್ಲಾಕಿನಲ್ಲೇ ಇರುತ್ತವೆ. ಹೆಡ್ ಚಪ್ಪಟೆಯಾಗಿ ಕಾಣುತ್ತದೆ, ಮೇಲೆ ರಾಕರ್ ಕವರ್ ಇರುವುದಿಲ್ಲ.

ಗೋ ಡೆವಿಲ್‌ನಲ್ಲಿ ಮೊದಲು ಟೈಮಿಂಗ್ ಚೈನ್ ಇತ್ತು, ಯುದ್ಧ ಮುಗಿದ ಮೇಲೆ ಗೇರಿಗೆ ಬದಲಾಯಿತು. ಗುಜರಿಯಲ್ಲಿ ಸಾಮಾನು ಹುಡುಕುವವರು ಇದನ್ನು ನೆನಪಿಡಬೇಕು. ಚೈನ್ ಇದ್ದರೆ ಕ್ಯಾಮ್ ಮತ್ತು ಕ್ರ್ಯಾಂಕ್ ಒಂದೇ ದಿಕ್ಕಿಗೆ ತಿರುಗುತ್ತವೆ. ಗೇರ್ ಇದ್ದರೆ ಎದುರುಬದುರು ತಿರುಗುತ್ತವೆ. ಹಾಗಾಗಿ ಚೈನ್ ಎಂಜಿನ್ನಿನ ಕ್ಯಾಮ್‌ಶಾಫ್ಟು, ಆಯಿಲ್ ಪಂಪು ಗೇರ್ ಎಂಜಿನ್ನಿಗೆ ಬರುವುದಿಲ್ಲ. ನೋಡಲು ಒಂದೇ ಥರ ಇರುತ್ತವೆ, ಮೋಸ ಹೋಗಬೇಡಿ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ. ಅವುಗಳಲ್ಲಿ ಚೈನ್. ಮಾರುತಿ 800ರಲ್ಲಿ ಬೆಲ್ಟ್. ಆದರೆ 1960ರ ದಶಕದ ವೋಲ್ವೋ ಬಿ18 ಎಂಜಿನ್, ಆಮೇಲೆ ಬಂದ ಬಿ20 ಎರಡರಲ್ಲೂ ನಮ್ಮ ಜೀಪಿನ ಹಾಗೆಯೇ ಫೈಬರ್ ಗೇರ್. ಅವುಗಳ ಮಾಲೀಕರೂ ಇದೇ ಕಷ್ಟ ಹೇಳಿಕೊಳ್ಳುತ್ತಾರೆ.

ಜೀಪಿನಲ್ಲಿ ಕ್ರ್ಯಾಂಕಿನ ಗೇರ್ ಚಿಕ್ಕದು, ಉಕ್ಕಿನದು. ಕ್ಯಾಮಿನ ಗೇರ್ ದೊಡ್ಡದು, ಹಲ್ಲು ಎರಡರಷ್ಟು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಈ ದೊಡ್ಡ ಗೇರಿನ ನಡುವಿನ ಹಬ್ ಉಕ್ಕು, ಹೊರಗಿನ ಹಲ್ಲಿನ ಭಾಗ ಬಟ್ಟೆಗೆ ಬೇಕಲೈಟ್ ಜಾತಿಯ ರಾಳ ಕುಡಿಸಿ ಒತ್ತಿ ಮಾಡಿದ್ದು. ಉಕ್ಕಿಗೆ ಉಕ್ಕು ತಾಗಿದರೆ ಕಿರುಚುತ್ತದೆ. ಬಟ್ಟೆಯ ಹಲ್ಲು ಸದ್ದನ್ನು ನುಂಗುತ್ತದೆ. ಅದಕ್ಕೇ ಹೀಗೆ ಮಾಡಿದ್ದು. ಅಗ್ಗದ ಕೆಲಸ ಅಂತ ಬೈಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ನಮ್ಮ ಜೀಪಿನ ಮೊದಲ ಗೇರ್ ಅಪ್ಪಯ್ಯನ ಕಾಲದಿಂದ ಭತ್ತ, ಕಾಫಿ, ಮರಳು ಎಲ್ಲಾ ಹೊತ್ತು ದುಡಿದಿತ್ತು. ಎಣ್ಣೆ ಸಿಕ್ಕರೆ ಫೈಬರ್ ಬಾಳುತ್ತದೆ. ಎಣ್ಣೆ ನಿಂತರೆ ಬೇಗ ಸಾಯುತ್ತದೆ.

ದಾರಿಯಲ್ಲಿ ನಿಂತರೆ ಐದು ನಿಮಿಷದ ಪರೀಕ್ಷೆ

ಚಾರ್ಮಾಡಿಯಲ್ಲಿ ನನಗೆ ಇದು ಗೊತ್ತಿದ್ದರೆ ಕಾಯಿಲ್ ಅಂತ ಅರ್ಧ ದಿನ ಕಳೆಯುತ್ತಿರಲಿಲ್ಲ. ಜೀಪಿನಲ್ಲಿ ಕ್ಯಾಮ್‌ಶಾಫ್ಟ್ ಆಯಿಲ್ ಪಂಪನ್ನು ತಿರುಗಿಸುತ್ತದೆ. ಆಯಿಲ್ ಪಂಪಿನ ಶಾಫ್ಟ್, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತದೆ. ಪೆಟ್ರೋಲ್ ಪಂಪಿಗೂ ಕ್ಯಾಮೇ ಗತಿ. ಕ್ಯಾಮ್ ಗೇರ್ ಹೋದರೆ ಇವೆಲ್ಲಾ ಒಟ್ಟಿಗೆ ನಿಲ್ಲುತ್ತವೆ.

ಆದ್ದರಿಂದ ಎಂಜಿನ್ ಏಕಾಏಕಿ ನಿಂತರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಿರಿ. ಒಬ್ಬರು ಹ್ಯಾಂಡಲ್ ಹಾಕಿ ತಿರುಗಿಸಲಿ. ನೀವು ಮುಚ್ಚಳದ ಒಳಗೆ ತಿರುಗುವ ರೋಟರ್ ನೋಡುತ್ತಿರಿ. ಫ್ಯಾನ್ ತಿರುಗುತ್ತಿದೆ, ರೋಟರ್ ಅಲುಗಾಡುತ್ತಿಲ್ಲ ಅಂದರೆ ಬಹುಪಾಲು ಟೈಮಿಂಗ್ ಗೇರೇ. ಖಾತ್ರಿಗೆ ರಾಕರ್ ಕವರ್ ಬಿಚ್ಚಿ ನೋಡಿ. ಇನ್‌ಲೆಟ್ ರಾಕರುಗಳೂ ಸುಮ್ನೆ ನಿಂತಿದ್ದರೆ ಅನುಮಾನವೇ ಬೇಡ. ಅಲ್ಲಿಂದ ಮುಂದೆ ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಆಯಿಲ್ ಪಂಪ್ ನಿಂತಿದೆ, ಬೇರಿಂಗಿಗೆ ಎಣ್ಣೆ ಹೋಗುತ್ತಿಲ್ಲ. ಮುರಿದ ಹಲ್ಲಿನ ಚೂರುಗಳೂ ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತವೆ. ಎಳೆಸಿಕೊಂಡು ಹೋಗುವಾಗ ನ್ಯೂಟ್ರಲ್‌ನಲ್ಲೇ ಇಡಿ.

ನಿಲ್ಲುವ ಮೊದಲೇ ಗುರುತು ಹಿಡಿಯುವುದು

ಸವೆದ ಗೇರ್ ಮೊದಲು ಸದ್ದಿನಲ್ಲಿ ಹೇಳುತ್ತದೆ. ಎಂಜಿನ್ ಬಿಸಿಯಾಗಿ ಸ್ಲೋನಲ್ಲಿ ಓಡುವಾಗ ಮುಂಭಾಗದಿಂದ ಟಕಟಕ ಅಂತ ಸಡಿಲವಾದ ಸದ್ದು ಬರುತ್ತದೆ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಸದ್ದು ಬದಲಾಗುತ್ತದೆ ಅಥವಾ ಕಮ್ಮಿಯಾಗುತ್ತದೆ. ವಾಟರ್ ಪಂಪಿನ ಬೇರಿಂಗು, ಡೈನಮೋ ಬುಷ್ ಕೂಡ ಅಲ್ಲೇ ಸದ್ದು ಮಾಡುತ್ತವೆ. ಬೇರೆ ಮಾಡಲು ಫ್ಯಾನ್ ಬೆಲ್ಟ್ ತೆಗೆದು ಒಂದು ನಿಮಿಷ ಮಾತ್ರ ಎಂಜಿನ್ ಓಡಿಸಿ. ಸದ್ದು ನಿಂತರೆ ಪಂಪೋ ಡೈನಮೋವೋ. ಉಳಿದರೆ ಉದ್ದದ ಸ್ಕ್ರೂ ಡ್ರೈವರಿನ ತುದಿಯನ್ನು ಟೈಮಿಂಗ್ ಕವರಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿ ಕೇಳಿ. ಆಗ ಬೆಲ್ಟ್ ಇಲ್ಲದಿದ್ದರೂ ಪುಲ್ಲಿ ತಿರುಗುತ್ತಿರುತ್ತದೆ. ಟವೆಲ್ಲು, ಸಡಿಲ ಅಂಗಿ ಹತ್ತಿರ ಬರಬಾರದು.

ಎರಡನೆಯದು ಪ್ಲೇ, ಅಂದರೆ ಸಡಿಲ, ಎಷ್ಟಿದೆ ನೋಡುವುದು. ನಾಲ್ಕೂ ಪ್ಲಗ್ ಬಿಚ್ಚಿ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆಯಿರಿ. ಫ್ಯಾನ್ ಮತ್ತು ಬೆಲ್ಟ್ ಹಿಡಿದು ಎಂಜಿನ್ನನ್ನು ರೋಟರ್ ಅಲುಗುವವರೆಗೆ ಮುಂದಕ್ಕೆ ತಿರುಗಿಸಿ. ಪುಲ್ಲಿಯ ಮೇಲೆ ಸೀಮೆಸುಣ್ಣದ ಗೆರೆ ಹಾಕಿ. ಈಗ ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ರೋಟರ್ ಹಿಂದಕ್ಕೆ ಅಲುಗುವ ಮೊದಲು ಪುಲ್ಲಿ ಎಷ್ಟು ದೂರ ಖಾಲಿ ಹೋಯಿತು ನೋಡಿ. ಇದರಲ್ಲಿ ಆಯಿಲ್ ಪಂಪಿನ ಗೇರಿನ ಸಡಿಲವೂ ಸೇರಿರುತ್ತದೆ. ಹಾಗಾಗಿ ಒಂದೆರಡು ಡಿಗ್ರಿಗೆ ನಾನು ಹೆದರುವುದಿಲ್ಲ. ಐದಾರು ಡಿಗ್ರಿ ಹೋದರೆ ಕವರ್ ಬಿಚ್ಚಿಯೇ ನೋಡುತ್ತೇನೆ. ಟೈಮಿಂಗ್ ಲೈಟ್ ಇದ್ದರೆ ಇನ್ನೂ ಸುಲಭ. ಸ್ಲೋನಲ್ಲಿ ಗುರುತು ಒಂದೇ ಕಡೆ ನಿಲ್ಲದೆ ಹಿಂದೆ ಮುಂದೆ ಅಲೆದಾಡಿದರೆ ಗೇರಾದರೂ ಸವೆದಿದೆ, ಡಿಸ್ಟ್ರಿಬ್ಯೂಟರಿನ ಬುಷ್ ಆದರೂ ಹೋಗಿದೆ.

ಮೂರನೆಯದು ಎಣ್ಣೆ. ಆಯಿಲ್ ಬದಲಿಸುವಾಗ ಹಳೇ ಎಣ್ಣೆಯನ್ನು ಬಿಳಿ ಪಂಚೆ ತುಂಡಿನ ಮೂಲಕ ಸೋಸಿ. ಕಂದು ಬಣ್ಣದ, ಉಗುರಿನಲ್ಲಿ ಹಿಸುಕಿದರೆ ನಾರಾಗುವ ಪುಡಿ ಸಿಕ್ಕರೆ ಅದು ಗೇರಿನದ್ದು. ನಮ್ಮ ಅಡುಗೆಮನೆಯಲ್ಲಿ ಫಿಲ್ಟರಿನ ತಳದಲ್ಲಿ ಉಳಿಯುವ ಕಾಫಿ ಚರಟದ ಹಾಗೇ ಕಾಣುತ್ತದೆ. ಮೊದಲ ಗೇರ್ ಹೋಗುವ ಮುಂಚೆ ನನ್ನ ಎಣ್ಣೆಯಲ್ಲೂ ಅದು ಇದ್ದಿರಬೇಕು. ನಾನು ಸೋಸಿ ನೋಡಿರಲಿಲ್ಲ.

ಎಣ್ಣೆಯ ಕಿಂಡಿ

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ.

ಟೈಮಿಂಗ್ ಕವರ್ ತೆಗೆದರೆ ಬ್ಲಾಕಿನ ಮುಂಭಾಗದಲ್ಲಿ, ಎರಡು ಗೇರ್ ಕಚ್ಚುವ ಜಾಗದ ಎದುರಿಗೆ ಒಂದು ಚಿಕ್ಕ ಕೊಳವೆ ಕಾಣುತ್ತದೆ. ಒಳಗಿನ ಎಣ್ಣೆ ದಾರಿಗೆ ಒತ್ತಿ ಕೂರಿಸಿದ ಜೆಟ್ ಅದು. ತೂತು ಸಣ್ಣದು. ಅದರಿಂದ ಎಣ್ಣೆ ಚಿಮ್ಮಿ ಹಲ್ಲು ಹಲ್ಲಿಗೆ ಸೇರುವ ಜಾಗಕ್ಕೇ ಬೀಳಬೇಕು. ಗೇರಿನ ಆಯುಷ್ಯ ಇರುವುದೇ ಆ ತೂತಿನಲ್ಲಿ.

ಸಾಬ್ರು ನನ್ನ ಜೀಪಿನ ಕವರ್ ತೆಗೆದಾಗ ಆ ತೂತು ಕಾಣಲೇ ಇಲ್ಲ. ಕಪ್ಪು ಡಾಂಬರಿನಂಥ ಮಡ್ಡಿ ಮುಚ್ಚಿತ್ತು. ತಂತಿಯಿಂದ ಕೆದಕಿದಾಗ ಮಡ್ಡಿಯ ಹಿಂದೆ ಕಂದು ನಾರಿನ ಮುದ್ದೆ ಹೊರಬಂತು. ಮೊದಲ ಗೇರಿನ ಪುಡಿ. ಆಗ ಎಲ್ಲಾ ಅರ್ಥವಾಯಿತು. ಅಪ್ಪಯ್ಯ ತೀರಿಕೊಂಡ ಮೇಲೆ ಜೀಪು ಎರಡು ಮಳೆಗಾಲ ಶೆಡ್ಡಿನಲ್ಲಿ ಸುಮ್ನೆ ನಿಂತಿತ್ತು. ಹಳೇ ಎಣ್ಣೆ ಮಡ್ಡಿಯಾಯಿತು, ಕಿಂಡಿ ಕಟ್ಟಲು ಶುರುವಾಯಿತು. ನಾನು ಎಣ್ಣೆಯನ್ನೂ ಬದಲಿಸದೆ ಹೊರಗೆ ತೆಗೆದು ದುಡಿಸಿದೆ. ಗೇರ್ ಒಣಗಿ ಮುರಿಯಿತು. ಅದರ ಪುಡಿ ಚೇಂಬರಿಗೆ, ಅಂದರೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ, ಬಿತ್ತು. ಹೊಸ ಗೇರ್ ಹಾಕಿದವರು ಚೇಂಬರ್ ಇಳಿಸಲಿಲ್ಲ. ಆ ಪುಡಿ ಎಣ್ಣೆಯ ಜೊತೆ ಮೇಲೆ ಬಂದು, ಇದ್ದ ಚೂರು ಕಿಂಡಿಯನ್ನೂ ಮುಚ್ಚಿತು.

ಫಿಲ್ಟರ್ ಇದೆಯಲ್ಲ, ಅದು ತಡೆಯಲಿಲ್ವಾ ಅಂತ ನಾನೂ ಕೇಳಿದೆ. ಈ ಎಂಜಿನ್ನಿನ ಫಿಲ್ಟರ್ ಬೈಪಾಸ್ ಜಾತಿಯದು. ಪಂಪಿನಿಂದ ಬರುವ ಎಣ್ಣೆಯಲ್ಲಿ ಒಂದು ಪಾಲು ಮಾತ್ರ ಫಿಲ್ಟರಿಗೆ ಹೋಗಿ ಚೇಂಬರಿಗೆ ಮರಳುತ್ತದೆ. ಉಳಿದದ್ದು ಸೋಸದೆ ಸೀದಾ ಬೇರಿಂಗಿಗೂ ಈ ಜೆಟ್ಟಿಗೂ ಹೋಗುತ್ತದೆ. ಚೇಂಬರಿನಲ್ಲಿ ಎಣ್ಣೆ ಹೀರುವ ತೇಲುಬುರುಡೆಗೆ ಜಾಲರಿ ಇದೆ, ನಿಜ. ದೊಡ್ಡ ಚೂರನ್ನು ಅದು ತಡೆಯುತ್ತದೆ, ನುಣ್ಣನೆ ಪುಡಿಯನ್ನಲ್ಲ. ದೊಡ್ಡ ಚೂರು ಜಾಲರಿಗೆ ಮೆತ್ತಿಕೊಂಡರೆ ಇಡೀ ಎಂಜಿನ್ನಿಗೇ ಎಣ್ಣೆ ಕಮ್ಮಿಯಾಗುತ್ತದೆ.

ಆಯಿಲ್ ಪ್ರೆಶರ್ ಮೀಟರ್ ನೋಡಿದರೆ ಇದು ಗೊತ್ತಾಗುವುದಿಲ್ಲ. ಜೆಟ್ ಕಟ್ಟಿದ್ದರೂ ಬೇರಿಂಗಿಗೆ ಎಣ್ಣೆ ಹೋಗುತ್ತಿರುತ್ತದೆ, ಮುಳ್ಳು ಸರಿಯಾದ ಜಾಗದಲ್ಲೇ ನಿಂತಿರುತ್ತದೆ. ನನ್ನ ಜೀಪಿನಲ್ಲೂ ಹಾಗೇ ಇತ್ತು. ಮೀಟರ್ ನಂಬಿ ನಾನು ನಿಶ್ಚಿಂತೆಯಿಂದ ಇದ್ದೆ.

ಹಾಗಾಗಿ ಗೇರ್ ಮುರಿದಿದ್ದರೆ ಚೇಂಬರ್ ಇಳಿಸಲೇಬೇಕು. ‘ಬೇಡ ಬಿಡಿ, ಆಯಿಲ್ ಬದಲಿಸಿದ್ರೆ ಸಾಕು’ ಅನ್ನುವವರ ಮಾತು ಕೇಳಬೇಡಿ. ಚೇಂಬರನ್ನು ಸೀಮೆಎಣ್ಣೆಯಲ್ಲಿ ತೊಳೆಯಿರಿ. ಹೀರುವ ಬುರುಡೆಯನ್ನು ಬಿಚ್ಚಿ ಜಾಲರಿಯನ್ನು ಬ್ರಷ್ ಹಾಕಿ ತೊಳೆದು ಬೆಳಕಿಗೆ ಹಿಡಿದು ನೋಡಿ. ಜೆಟ್ಟಿನ ತೂತಿಗೆ ತಾಮ್ರದ ತೆಳು ತಂತಿ ಹಾಕಿ. ಡ್ರಿಲ್ ಬಿಟ್, ಉಕ್ಕಿನ ಸೂಜಿ ಎರಡೂ ಬೇಡ. ತೂತು ದೊಡ್ಡದಾದರೆ ಬೇರಿಂಗಿನ ಪಾಲಿನ ಎಣ್ಣೆ ಇಲ್ಲೇ ಸೋರಿಹೋಗುತ್ತದೆ. ತಂತಿಯಾದ ಮೇಲೆ ಕಂಪ್ರೆಸರ್ ಗಾಳಿ ಕೊಡಿ. ಜೆಟ್ ಬಾಗಿದೆಯಾ ನೋಡಿ. ತೂತು ತೆರೆದಿದ್ದೂ ಮುಖ ಬೇರೆ ಕಡೆ ತಿರುಗಿದ್ದರೆ ಪ್ರಯೋಜನ ಇಲ್ಲ. ಹಿಂದೆ ಯಾರೋ ಪುಲ್ಲರ್ ಹಾಕುವಾಗ ಬಡಿದು ಬಾಗಿಸಿದ್ದನ್ನು ಒಂದು ಎಂಜಿನ್ನಿನಲ್ಲಿ ಕಂಡಿದ್ದೇನೆ.

ಬಿಚ್ಚುವಾಗ

ಬ್ಯಾಟರಿ ವೈರ್ ತೆಗೆಯಿರಿ, ಚಕ್ರಕ್ಕೆ ಕಲ್ಲು ಕೊಡಿ, ನೀರು ಇಳಿಸಿ ರೇಡಿಯೇಟರ್ ತೆಗೆಯಿರಿ. ಫ್ಯಾನ್, ಬೆಲ್ಟ್ ಬಿಚ್ಚಿ. ಕ್ರ್ಯಾಂಕಿನ ಮುಂದಿನ ದೊಡ್ಡ ನಟ್ಟಿಗೇ ಹ್ಯಾಂಡಲ್ ಕಚ್ಚುವುದು. ಅದು ಗಟ್ಟಿಯಾಗಿ ಕೂತಿರುತ್ತದೆ. ಟಾಪ್ ಗೇರಿಗೆ ಹಾಕಿ, ಒಬ್ಬರು ಬ್ರೇಕ್ ಒತ್ತಿ ಹಿಡಿದರೆ ಎಂಜಿನ್ ತಿರುಗದೆ ನಟ್ ಸಡಿಲಾಗುತ್ತದೆ. ಪುಲ್ಲಿಯನ್ನು ಅಂಚಿನಲ್ಲಿ ಟಾಮಿ ಹಾಕಿ ಎಬ್ಬಬೇಡಿ, ಅಂಚು ಮುರಿಯುತ್ತದೆ. ಪುಲ್ಲರ್ ಬಳಸಿ. ಕವರಿನ ಬೋಲ್ಟುಗಳು ಬೇರೆ ಬೇರೆ ಉದ್ದದವು. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು ಬೋಲ್ಟುಗಳನ್ನು ಅದೇ ಜಾಗಕ್ಕೆ ಚುಚ್ಚಿಡಿ.

ಗೇರ್ ತೆಗೆಯುವ ಮೊದಲು, ಹಲ್ಲು ಇನ್ನೂ ಇದ್ದರೆ, ಎರಡರ ಮೇಲಿನ ಚುಕ್ಕಿಗಳು ಎದುರುಬದುರಾಗುವವರೆಗೆ ಎಂಜಿನ್ ತಿರುಗಿಸಿಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಮ್ಮ ಕಾಲಕ್ಕೆ ಈ ಸೌಲಭ್ಯ ಇರಲಿಲ್ಲ, ಸಾಬ್ರು ಬೀಡಿ ಪ್ಯಾಕೆಟ್ಟಿನ ಹಿಂದೆ ಬರೆದುಕೊಳ್ಳುತ್ತಿದ್ದರು.

ಆಯಿಲ್ ಪಂಪನ್ನು ಮಾತ್ರ ಸುಮ್ಮನೆ ಬಿಚ್ಚಬೇಡಿ. ಅದು ಕ್ಯಾಮಿಗೆ ಕಚ್ಚಿಕೊಂಡಿರುವವರೆಗೆ ಕ್ಯಾಮಿಗೂ ಡಿಸ್ಟ್ರಿಬ್ಯೂಟರಿಗೂ ಇರುವ ಲೆಕ್ಕ ಹಾಗೇ ಉಳಿಯುತ್ತದೆ. ಚುಕ್ಕಿಗೆ ಚುಕ್ಕಿ ಕೂಡಿಸಿದರೆ ಡಿಸ್ಟ್ರಿಬ್ಯೂಟರೂ ತಾನಾಗಿ ಸರಿಗೆ ಬರುತ್ತದೆ. ಪಂಪ್ ಹೊರಬಂದರೆ ಅದನ್ನು ಮತ್ತೆ ಲೆಕ್ಕ ಹಿಡಿದು ಕೂರಿಸಬೇಕು, ಒಂದು ಹಲ್ಲು ಆಚೀಚೆ ಆದರೂ ಎಂಜಿನ್ ಹಿಡಿಯುವುದಿಲ್ಲ.

ಕ್ರ್ಯಾಂಕಿನ ಗೇರ್ ಎಳೆಯುವಾಗ ಹಿಂದೆ ಥ್ರಸ್ಟ್ ವಾಷರ್ ಇದೆ, ಅದರ ಹಿಂದೆ ಹಾಳೆಯಷ್ಟು ತೆಳುವಾದ ಶಿಮ್‌ಗಳಿವೆ. ಕ್ರ್ಯಾಂಕಿನ ಹಿಂದು ಮುಂದಿನ ಪ್ಲೇ ಅವುಗಳ ಮೇಲೆಯೇ ನಿಂತಿರುವುದು. ಒಂದು ಕೆಳಗೆ ಬಿದ್ದು ಕಳೆದರೂ ಲೆಕ್ಕ ತಪ್ಪುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡೇ ಈ ಕೆಲಸ ಮಾಡಿ.

ಯಾವ ಗೇರ್ ಕೊಳ್ಳಬೇಕು

ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ತರುತ್ತೇನೆ. ಎರಡೂ ಗೇರನ್ನು ಜೋಡಿಯಾಗಿಯೇ ತನ್ನಿ. ಸವೆದ ಉಕ್ಕಿನ ಹಲ್ಲಿಗೆ ಹೊಸ ಫೈಬರ್ ಹಲ್ಲು ಕೊಟ್ಟರೆ ಉಕ್ಕು ಅದನ್ನು ಅರದ ಹಾಗೆ ಕೆರೆಯುತ್ತದೆ. ದುಡ್ಡು ಉಳಿಸಲು ಹೋಗಿ ನಾನೇ ಒಮ್ಮೆ ಹಾಗೆ ಮಾಡಿ ಪಾಠ ಕಲಿತಿದ್ದೇನೆ.

ಅಂಗಡಿಯಲ್ಲೇ ಪೊಟ್ಟಣ ಬಿಚ್ಚಿ ನೋಡಿ. ಹಲ್ಲಿನ ಅಂಚಿನಲ್ಲಿ ನಾರು ಎದ್ದಿರಬಾರದು. ಉಕ್ಕಿನ ಹಬ್ ಮತ್ತು ಫೈಬರ್ ಸೇರುವ ಜಾಗದಲ್ಲಿ ಉಗುರು ಸಿಕ್ಕಬಾರದು. ಹಲ್ಲು ಓರೆಯಾಗಿರುತ್ತವೆ, ಎರಡು ಗೇರಿನ ಓರೆ ಒಂದಕ್ಕೊಂದು ಹೊಂದಬೇಕು. ಚುಕ್ಕಿ ಇದೆಯಾ ನೋಡಿ. ತುಂಬಾ ವರ್ಷ ಒದ್ದೆ ಗೋಡೆಯ ಅಂಗಡಿಯಲ್ಲಿ ಕೂತ ಹಳೇ ಸ್ಟಾಕ್ ಆದರೆ ಜಾಗ್ರತೆ. ಬಟ್ಟೆ ಇರುವ ಫೈಬರ್ ತೇವ ಹೀರಿ ಸ್ವಲ್ಪ ಉಬ್ಬುತ್ತದೆ. ನಮ್ಮ ಮಳೆಗಾಲದಲ್ಲಿ ಇದು ಸಾಮಾನ್ಯ. ಉಬ್ಬಿದ ಗೇರ್ ಬಿಗಿಯಾಗಿ ಕೂತು ಕೊಯ್ ಅಂತ ಕೂಗುತ್ತದೆ, ಬೇಗ ಬಿಸಿಯಾಗುತ್ತದೆ.

ಅಲ್ಯೂಮಿನಿಯಂ ಗೇರ್ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಬಹುದು, ಗಟ್ಟಿಯಿರುತ್ತದೆ, ಆದರೆ ಸದ್ದು ಜಾಸ್ತಿ. ನನ್ನ ಅಭಿಪ್ರಾಯ ಕೇಳಿದರೆ ಒಳ್ಳೆಯ ಫೈಬರ್ ಗೇರೇ ಸಾಕು. ಸದ್ದಿನ ವಿಷಯಕ್ಕಿಂತ ನನಗೆ ಬೇರೆ ಚಿಂತೆ ಇದೆ. ಲೋಹದ ಗೇರ್ ಹಾಕಿದ ಮೇಲೆ ಜನ ಜೆಟ್ ನೋಡುವುದನ್ನೇ ಬಿಡುತ್ತಾರೆ. ಎಣ್ಣೆ ಇಲ್ಲದಿದ್ದರೆ ಲೋಹದ ಹಲ್ಲೂ ಸವೆಯುತ್ತದೆ, ಆ ಲೋಹದ ಪುಡಿ ಬೇರಿಂಗಿಗೆ ಫೈಬರ್ ಪುಡಿಗಿಂತ ಕೆಟ್ಟದ್ದು.

ಕೂರಿಸುವಾಗ

ಕ್ಯಾಮಿನ ಗೇರನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ. ಗೇರ್ ತೆಗೆದಾಗ ಕ್ಯಾಮ್‌ಶಾಫ್ಟನ್ನು ಹಿಂದಕ್ಕೆ ಹೋಗದಂತೆ ತಡೆಯುವುದು ಏನೂ ಇರುವುದಿಲ್ಲ. ಹೊಡೆದರೆ ಅದು ಹಿಂದೆ ಸರಿದು ಬ್ಲಾಕಿನ ಹಿಂಭಾಗದಲ್ಲಿ ಕೂರಿಸಿದ ತಗಡಿನ ಮುಚ್ಚಳವನ್ನು ತಳ್ಳುತ್ತದೆ. ಆಮೇಲೆ ಎಣ್ಣೆ ಕ್ಲಚ್ ಕಡೆಗೆ ಸೋರುತ್ತದೆ. ಅದನ್ನು ಸರಿಮಾಡಲು ಗೇರ್ ಬಾಕ್ಸ್ ಇಳಿಸಬೇಕು. ಕೀ ನೋಡಿ, ತೊಡೆದು, ಎಣ್ಣೆ ಸವರಿ, ನಡುವಿನ ಬೋಲ್ಟ್ ತಿರುಗಿಸುತ್ತಾ ಗೇರನ್ನು ನಿಧಾನವಾಗಿ ಒಳಗೆ ಎಳೆದುಕೊಳ್ಳಿ. ಬಿಸಿ ಮಾಡಿದರೆ ಸುಲಭ ಅಂತ ಗ್ಯಾಸ್ ಬೆಂಕಿ ತೋರಿಸುವವರಿದ್ದಾರೆ, ರಾಳ ಸುಡುತ್ತದೆ. ಬೇಡ.

ಮುರಿದ ಗೇರಿನಿಂದ ಕ್ಯಾಮ್ ಎಲ್ಲೋ ನಿಂತಿದ್ದರೆ ಮೊದಲು ಕ್ರ್ಯಾಂಕನ್ನು ನಾಲ್ಕೂ ಪಿಸ್ಟನ್ ಅರ್ಧದಲ್ಲಿ ಇರುವ ಹಾಗೆ ತಿರುಗಿಸಿ. ಆಮೇಲೆ ಕ್ಯಾಮ್ ತಿರುಗಿಸಿ ಅದರ ಚುಕ್ಕಿ ಕೆಳಗೆ ಬರುವಂತೆ ಮಾಡಿ. ಕೊನೆಗೆ ಕ್ರ್ಯಾಂಕನ್ನು ನಿಧಾನವಾಗಿ ಚುಕ್ಕಿಗೆ ತನ್ನಿ. ಎಲ್ಲಾದರೂ ತಡೆದರೆ ಬಲ ಹಾಕದೆ ನಿಲ್ಲಿಸಿ ನೋಡಿ.

ಎರಡೂ ಗೇರ್ ಕೂತ ಮೇಲೆ ಅಳತೆ. ಇಂಚಿನ ಸಾವಿರದ ಒಂದು ಪಾಲಿಗೆ ಗ್ಯಾರೇಜಿನಲ್ಲಿ ಥೌ ಅನ್ನುತ್ತೇವೆ. ಹಲ್ಲು ಹಲ್ಲಿನ ನಡುವಿನ ಪ್ಲೇ ಸೊನ್ನೆಯಿಂದ 2 ಥೌ ಒಳಗೆ ಇರಬೇಕು. ಅಂದರೆ 2 ಥೌ ಫೀಲರ್ ಹಾಳೆ ಕಷ್ಟಪಟ್ಟು ಹೋಗಬೇಕು. ಸುತ್ತಲೂ ನಾಲ್ಕು ಕಡೆ ನೋಡಿ, ಗೇರ್ ವಕ್ರ ಇದ್ದರೆ ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಸಿಗುತ್ತದೆ. ಕ್ಯಾಮಿನ ಹಿಂದು ಮುಂದಿನ ಪ್ಲೇ, ಅಂದರೆ ಗೇರಿನ ಹಿಂಭಾಗಕ್ಕೂ ಥ್ರಸ್ಟ್ ಪ್ಲೇಟಿಗೂ ನಡುವೆ, 4ರಿಂದ 7 ಥೌ. ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಚುಕ್ಕಿಗಳು ಮತ್ತೆ ಎದುರುಬದುರು ಬರಲೇಬೇಕು. ಬರದಿದ್ದರೆ ಮತ್ತೆ ಬಿಚ್ಚಿ.

ಈಗ ಸಾಬ್ರು ಕಲಿಸಿದ, ಬೇರೆ ಯಾವ ಗ್ಯಾರೇಜಿನಲ್ಲೂ ನಾನು ನೋಡದ ಕೆಲಸ. ಚೇಂಬರ್ ಕಟ್ಟಿ ಹೊಸ ಎಣ್ಣೆ ಹಾಕಿ. ಸುಮಾರು 4 ಲೀಟರ್ ಹಿಡಿಯುತ್ತದೆ. ಟೈಮಿಂಗ್ ಕವರ್ ಇನ್ನೂ ಹಾಕಬೇಡಿ. ಕವರ್ ಇಲ್ಲದೆಯೇ ಪುಲ್ಲಿ ಮತ್ತು ನಟ್ ತಾತ್ಕಾಲಿಕವಾಗಿ ಹಾಕಿ, ಕೆಳಗೆ ಒಂದು ಅಗಲದ ಬಾಣಲೆ ಇಡಿ. ಪ್ಲಗ್ ಎಲ್ಲಾ ಬಿಚ್ಚಿದ್ದು, ಹ್ಯಾಂಡಲ್ ಹಾಕಿ ಒಬ್ಬರು ತಿರುಗಿಸುತ್ತಾ ಇರಲಿ. ಮೊದಲು ಏನೂ ಬರುವುದಿಲ್ಲ. ಪಂಪ್ ಎಣ್ಣೆ ಹೀರಲು ಹೊತ್ತು ಬೇಕು. ಸುಮಾರು ಹೊತ್ತಿನ ಮೇಲೆ ಜೆಟ್ಟಿನ ಬಾಯಲ್ಲಿ ಎಣ್ಣೆ ಒಸರುತ್ತದೆ, ಆಮೇಲೆ ಎಳೆಯಾಗಿ ಹಲ್ಲಿನ ಮೇಲೆ ಬೀಳುತ್ತದೆ. ಅದನ್ನು ಕಣ್ಣಾರೆ ನೋಡಿದ ಮೇಲೆ ಮಾತ್ರ ಕವರ್ ಮುಚ್ಚಿ. ಬರದಿದ್ದರೆ ದಾರಿ ಒಳಗೆಲ್ಲೋ ಕಟ್ಟಿದೆ, ಮತ್ತೆ ಗಾಳಿ ಕೊಡಿ. ಆ ಎಣ್ಣೆಯ ಎಳೆ ಮೊದಲ ಸಲ ಬಿದ್ದಾಗ ಸಾಬ್ರು ಏನೂ ಹೇಳಲಿಲ್ಲ, ನನ್ನ ಭುಜ ತಟ್ಟಿ ಟೀಗೆ ಹೊರಟರು.

ಕವರಿಗೆ ಹೊಸ ಪ್ಯಾಕಿಂಗ್, ಹೊಸ ಆಯಿಲ್ ಸೀಲ್ ಹಾಕಿ. ಪುಲ್ಲಿಯ ಕತ್ತಿನಲ್ಲಿ ಸೀಲ್ ಕೂರುವ ಜಾಗ ಗುಳಿ ಬಿದ್ದಿದ್ದರೆ ಲೇತಿನಲ್ಲಿ ಸರಿ ಮಾಡಿಸಿ. ಟ್ಯಾಪೆಟ್, ಅಂದರೆ ವಾಲ್ವಿಗೆ ಬಿಡುವ ಸಂದು, ನೋಡಿಕೊಳ್ಳಿ: ಇನ್‌ಲೆಟ್ 18 ಥೌ, ಎಕ್ಸಾಸ್ಟ್ 16 ಥೌ. ಫೈರಿಂಗ್ ಆರ್ಡರ್ 1-3-4-2. ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು, ಪಿಸ್ಟನ್ನಿನ ಮೇಲಿನ ಬಿಂದುವಿಗೆ 5 ಡಿಗ್ರಿ ಮೊದಲು.

ಈ ಕೊನೆಯದು ಗೇರಿನ ಆಯುಷ್ಯಕ್ಕೂ ಸಂಬಂಧಪಟ್ಟದ್ದು. ಪಿಕಪ್ ಬರಲಿ ಅಂತ ಟೈಮಿಂಗನ್ನು ಜಾಸ್ತಿ ಅಡ್ವಾನ್ಸ್ ಮಾಡಿದರೆ ಸ್ಟಾರ್ಟ್ ಮಾಡುವಾಗ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಹ್ಯಾಂಡಲ್ ಹಿಡಿದವರ ಮಣಿಕಟ್ಟು ಮುರಿಯುವುದು ಇದರಿಂದಲೇ. ಅದೇ ಒದೆ ಫೈಬರ್ ಹಲ್ಲಿಗೂ ಬೀಳುತ್ತದೆ. ಬ್ಯಾಟರಿ ವೀಕ್ ಇದ್ದಾಗ ಇಳಿಜಾರಿನಲ್ಲಿ ಬಿಟ್ಟು ಸ್ಟಾರ್ಟ್ ಮಾಡುವುದು ನಮ್ಮ ಕಡೆ ಎಲ್ಲರ ಅಭ್ಯಾಸ, ಅಲ್ವಾ? ಮಾಡುವುದಾದರೆ ಫಸ್ಟ್ ಗೇರಿನಲ್ಲಿ ಕ್ಲಚ್ ಪಟ್ಟನೆ ಬಿಡಬೇಡಿ. ಟಾಪಿನಲ್ಲಿ ಮೆಲ್ಲಗೆ ಬಿಡಿ. ತಿಂಗಳುಗಟ್ಟಲೆ ನಿಂತ ಜೀಪನ್ನು ಹೊರಗೆ ತೆಗೆಯುವಾಗ ಮೊದಲು ಎಣ್ಣೆ ಬದಲಿಸಿ. ಪ್ಲಗ್ ಬಿಚ್ಚಿ ಪ್ರೆಶರ್ ಮುಳ್ಳು ಏಳುವವರೆಗೆ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದ ತಕ್ಷಣ ರೇಸ್ ಮಾಡಬೇಡಿ.

ಹೊಸ ಗೇರ್ ಹಾಕಿದ ಮೇಲೆ ಮೊದಲ ಆಯಿಲ್ ಬದಲಿಯನ್ನು ನಾನು 500 ಕಿಲೋಮೀಟರಿಗೇ ಮಾಡುತ್ತೇನೆ. ಮತ್ತೆ ಅದೇ ಬಿಳಿ ಪಂಚೆ ತುಂಡು. ಮೊದಲ ಸಲ ಚೂರು ಕಂದು ಧೂಳು ಇರುತ್ತದೆ, ಹೊಸ ಹಲ್ಲು ಹೊಂದಿಕೊಂಡಾಗ ಬಂದದ್ದು. ಎರಡನೇ ಸಲ ಬಟ್ಟೆಯ ಮೇಲೆ ಎಣ್ಣೆಯ ಕಲೆ ಬಿಟ್ಟು ಬೇರೇನೂ ಉಳಿಯಬಾರದು. ನಮ್ಮ ಜೀಪಿನಲ್ಲಿ ಸಾಬ್ರು 2004ರಲ್ಲಿ ಕೂರಿಸಿದ ಗೇರೇ ಈಗಲೂ ಓಡುತ್ತಿದೆ. ಕಳೆದ ಮಳೆಗಾಲದ ಮುಂಚೆ ರೇಡಿಯೇಟರ್ ಇಳಿಸಿದ್ದೆ. ಅದೇ ನೆಪದಲ್ಲಿ ಕವರ್ ತೆಗೆದು ಜೆಟ್ಟಿಗೆ ತಂತಿ ಹಾಕಿ ನೋಡಿದೆ. ತಂತಿ ಸಲೀಸಾಗಿ ಒಳಗೆ ಹೋಯಿತು.